ಒಂಟಿ ಕಾಲಿನ ಗಿಳಿ

ನನ್ನ ಅಮ್ಮಿ ಕೌದಿ ಹೊಲಿಯುತ್ತಾಳೆ. ನಾನು ಅದರ ಫೋಟೋ ತೆಗೆದು ಪೇಜಿಗೆ ಹಾಕುತ್ತೇನೆ. ಈ ಎರಡರಲ್ಲಿ ಯಾವುದು ದೊಡ್ಡ ಕೆಲಸ ಎಂದು ಐದು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ಬಾಯಲ್ಲಿ ಅಮ್ಮಿಯದು ಅನ್ನುತ್ತಿದ್ದೆ, ಹೊಟ್ಟೆಯೊಳಗೆ ನನ್ನದು ಅಂದುಕೊಳ್ಳುತ್ತಿದ್ದೆ. ಆ ಸೊಕ್ಕಿನಿಂದ ಏನಾಯಿತು ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ. ಬರೆಯಲು ಕೂತಾಗೆಲ್ಲ ನನ್ನ ತಪ್ಪನ್ನು ಒಂಚೂರು ಸಣ್ಣದು ಮಾಡಿ ಬರೆಯುವ ಆಸೆ ಹುಟ್ಟುತ್ತದೆ. ಇವತ್ತು ಹಾಗೆ ಮಾಡುವುದಿಲ್ಲ.

ನಮ್ಮ ಮನೆ ಗಂಗಾವತಿಯಲ್ಲಿ, ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ. ಅಬ್ಬಾ ಟೇಲರ್ ಆಗಿದ್ದರು. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಅವರ ಮಷೀನು ಮೂಲೆ ಸೇರಿತು, ಅಮ್ಮಿಯ ಸೂಜಿ ಮಾತ್ರ ನಿಲ್ಲಲಿಲ್ಲ. ಕೌದಿ ಎಂದರೆ ಗೊತ್ತಲ್ಲ, ಮನೆಯ ಹಳೆಯ ಸೀರೆ, ಅಂಗಿ, ಲಂಗಗಳನ್ನು ತುಂಡು ತುಂಡಾಗಿ ಜೋಡಿಸಿ, ಒಂದರ ಮೇಲೊಂದು ಪದರ ಹಾಕಿ, ಕೈಯಿಂದ ಸಾಲು ಸಾಲಾಗಿ ಹೊಲಿದು ಮಾಡುವ ಹೊದಿಕೆ. ಬಟ್ಟೆ ಕೊಡುವವರು ಕೊಡುತ್ತಾರೆ, ಅಮ್ಮಿ ಹೊಲಿದು ಕೊಡುತ್ತಾಳೆ. ಮನೆಯಲ್ಲಿ ನಮ್ಮ ಮಾತು ಉರ್ದು. ಆದರೆ ಗಿರಾಕಿಗಳ ಜೊತೆ ನಲವತ್ತು ವರ್ಷ ಮಾತಾಡಿ ಅಮ್ಮಿಗೆ ಈಗ ಬೈಯುವುದಕ್ಕೂ ಕನ್ನಡವೇ ಬೇಕು. ಹಾಗಾಗಿ ಆಕೆಯ ಮಾತನ್ನೆಲ್ಲ ಕನ್ನಡದಲ್ಲೇ ಬರೆಯುತ್ತೇನೆ.

ಅಮ್ಮಿಗೆ ಒಂದು ಕಟ್ಟುನಿಟ್ಟು ಇದೆ. ಕೌದಿ ಮುಗಿದ ಮೇಲೆ ಉಳಿದ ಚಿಂದಿಯನ್ನೆಲ್ಲ ಗಂಟು ಕಟ್ಟಿ ಕೌದಿಯ ಜೊತೆಗೆ ವಾಪಸು ಕೊಡುತ್ತಾಳೆ. ಬೆರಳಗಲದ ತುಂಡಾದರೂ ಸರಿ. ಒಬ್ಬರ ಬಟ್ಟೆ ಇನ್ನೊಬ್ಬರ ಕೌದಿಗೆ ಹೋಗಕೂಡದು. ಸಣ್ಣವಳಿದ್ದಾಗ ನನ್ನ ಗೊಂಬೆಗೆ ಲಂಗ ಮಾಡಲು ಒಂದು ಜರಿಯ ಚೂರು ಎತ್ತಿಕೊಂಡಿದ್ದೆ. "ಅದು ಮಂದೀದು, ಇಡು ಅಲ್ಲೆ" ಎಂದು ಬೆನ್ನಿಗೆ ಒಂದು ಬಿಟ್ಟಳು. ಎಸೆಯುವ ಚಿಂದಿಗೂ ಒಬ್ಬ ಮಾಲಕ ಇರುತ್ತಾನೆ ಎಂಬುದು ನನಗೆ ಆಗ ವಿಚಿತ್ರವಾಗಿ ಕಂಡಿತ್ತು.

ಇನ್ನೊಂದು ಏಟು ಕೂಡ ನೆನಪಿದೆ. ನಮ್ಮ ಮನೆತನದಲ್ಲಿ ಒಂದು ಮರ್ಯಾದೆಯ ರೂಢಿ ಇದೆ. ಯಾರಾದರೂ ನಿಮ್ಮ ವಸ್ತುವನ್ನು ಮೆಚ್ಚಿದರೆ "ನಿಮ್ಮದೇ" ಅನ್ನಬೇಕು. ಶಾಲು ಚೆನ್ನಾಗಿದೆ ಅಂದರೆ ನಿಮ್ಮದೇ. ಆಡು ದಷ್ಟಪುಷ್ಟವಾಗಿದೆ ಅಂದರೆ ನಿಮ್ಮದೇ. ಮೆಚ್ಚಿದವರು "ನಿಮ್ಮ ಕಡೆನೇ ಇರಲಿ, ಬರಕತ್ತಾಗಲಿ" ಅನ್ನಬೇಕು. ಅಲ್ಲಿಗೆ ಮುಗಿಯಿತು, ಶಾಲು ಹೆಗಲಿಂದ ಇಳಿಯುವುದಿಲ್ಲ, ಆಡು ಗೂಟದಿಂದ ಕದಲುವುದಿಲ್ಲ. ಏಳು ವರ್ಷದವಳಿದ್ದಾಗ ನಮ್ಮ ದೊಡ್ಡತ್ತೆಯ ಜುಮಕಿಯನ್ನು ಮೆಚ್ಚಿ, ಅವರು ನಿಮ್ಮದೇ ಅಂದದ್ದನ್ನು ನಂಬಿ, ಅವರ ಡಬ್ಬಿಯಿಂದ ತೆಗೆದುಕೊಂಡು ಮನೆಗೆ ಬಂದಿದ್ದೆ. ಅಮ್ಮಿ ಕಪಾಳಕ್ಕೆ ಕೊಟ್ಟು, ಕೈ ಹಿಡಿದು ವಾಪಸು ಕರೆದುಕೊಂಡು ಹೋದಳು. ಮಾತು ಕೊಡುವುದು ಬೇರೆ, ವಸ್ತು ಕೊಡುವುದು ಬೇರೆ ಎಂದು ಆವತ್ತು ಕಲಿತೆ. ಎಲ್ಲರೂ ಹಾಗೇ ಕಲಿತಿರುತ್ತಾರೆ ಅಂದುಕೊಂಡು ಬೆಳೆದೆ.

ಪೇಜು ಮಾಡಿದ್ದು ಕೊಪ್ಪಳದಲ್ಲಿ ಒಂದು ತರಬೇತಿಗೆ ಹೋಗಿ ಬಂದ ಮೇಲೆ. ಕೈಕೆಲಸ ಮಾಡುವ ಹೆಂಗಸರಿಗೆ ಫೋನಿನಲ್ಲಿ ವ್ಯಾಪಾರ ಮಾಡುವುದನ್ನು ಕಲಿಸುವ ಮೂರು ದಿನದ ತರಬೇತಿ. ಆನೆಗೊಂದಿಯಿಂದ ಬಾಳೆನಾರಿನ ಚೀಲ ಹೆಣೆಯುವವರು ಬಂದಿದ್ದರು, ಕುಷ್ಟಗಿ ಕಡೆಯಿಂದ ಕಂಬಳಿಯವರು. ಕಲಿಸಲು ಬಂದ ಹುಡುಗಿ ಚುರುಕು. ದಿನಾ ಹಾಕಿ, ಬೆಳಕಿನಲ್ಲಿ ತೆಗೆಯಿರಿ, ಬಟ್ಟೆ ಮಾರಬೇಡಿ, ಬಟ್ಟೆಯ ಕಥೆ ಮಾರಿ, ಎಂದಳು. ಹಾಕಿದ ಮೇಲೆ ಅದು ಯಾರದಾಗುತ್ತದೆ ಎಂದು ಆಕೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಧ್ಯಾಹ್ನದ ಊಟದಲ್ಲಿ ಜಿಲೇಬಿ ಇತ್ತು, ಅದನ್ನು ಮಾತ್ರ ಎಲ್ಲರೂ ಮತ್ತೆ ಕೇಳಿ ಹಾಕಿಸಿಕೊಂಡೆವು.

ಕಥೆ ಮಾರುವುದರಲ್ಲಿ ನಾನು ಹುಷಾರಾದೆ. ಅಮ್ಮಿಗೆ ಬರುವ ಪ್ರತಿ ಗಂಟಿನಲ್ಲೂ ಒಂದು ಕಥೆ ಇರುತ್ತಿತ್ತು. ಇದು ಅಜ್ಜಿಯ ಮದುವೆಯ ಸೀರೆ, ಇದು ಊರು ಬಿಟ್ಟುಹೋದ ತಮ್ಮನ ಅಂಗಿ. ಬಟ್ಟೆ ಬಿಚ್ಚುವಾಗ ಗಿರಾಕಿಗಳು ಹೇಳಿಕೊಳ್ಳುತ್ತಾರೆ, ಅಮ್ಮಿ ಹೂಂಗುಟ್ಟುತ್ತಾಳೆ, ನಾನು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತೇನೆ, ಸಂಜೆಯೊಳಗೆ ಪೇಜಿನಲ್ಲಿ ಬರೆಯುತ್ತೇನೆ. ದೂರದೂರದಿಂದ ಕೌದಿ ಬೇಕು ಎಂದು ಕೇಳುವವರು ಹುಟ್ಟಿಕೊಂಡರು. ಓಣಿಯ ಐದಾರು ಹೆಂಗಸರು ಅಮ್ಮಿಯ ಜೊತೆ ಹೊಲಿಯಲು ಕೂತರು. ಇದೆಲ್ಲ ನನ್ನಿಂದ ಆದದ್ದು ಎಂದು ನಾನು ಹೇಳಿಕೊಳ್ಳಲಿಲ್ಲ. ಬೇರೆಯವರು ಹೇಳಿದಾಗ ಬೇಡ ಅನ್ನಲೂ ಇಲ್ಲ.

ಈಗ ಖಾಲಾ ವಿಷಯಕ್ಕೆ ಬರಬೇಕು. ಖಾಲಾ ಅಂದರೆ ಚಿಗವ್ವ. ಆಕೆ ನಮ್ಮ ರಕ್ತದವಳಲ್ಲ, ನಮ್ಮ ಜಾತಿಯವಳೂ ಅಲ್ಲ. ಯಲಬುರ್ಗಾ ಹತ್ತಿರದ ಒಂದು ಹಳ್ಳಿಯಿಂದ ಪ್ರತಿ ವರ್ಷ ಭತ್ತದ ನಾಟಿಗೆ ಕಾಲುವೆ ಸೀಮೆಗೆ ಬರುವ ಗುಂಪಿನಲ್ಲಿ ಬರುತ್ತಿದ್ದಳು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು. ನಾಟಿ ಇಲ್ಲದ ದಿನ ನಮ್ಮ ಮನೆಗೆ ಬಂದು ಅಮ್ಮಿಯ ಜೊತೆ ಕೂರುತ್ತಿದ್ದಳು. ಸಾಲಿ ಸೂಟಿ ಇದ್ದಾಗ ಮಗಳೂ ಜೊತೆಗೆ ಬರುತ್ತಿದ್ದಳು. ಆ ಹುಡುಗಿಗೆ ಮೊದಲು ಸೂಜಿ ಹಿಡಿಸಿದವಳು ಅಮ್ಮಿ.

ಒಂದು ಮಧ್ಯಾಹ್ನ ಆ ಹುಡುಗಿ ಅಬ್ಬಾ ಕೊಟ್ಟ ಬಿಳಿ ಲೈನಿಂಗ್ ಬಟ್ಟೆಯ ಮೇಲೆ ಗಿಳಿ ಹೊಲಿದಳು. ಹತ್ತು ಹನ್ನೊಂದು ವರ್ಷ ಇರಬೇಕು ಆಕೆಗೆ. ಗಿಳಿಯ ಹೊಟ್ಟೆ ಒಂದು ಕಡೆ ಉಬ್ಬಿತ್ತು, ಕೊಕ್ಕು ಕೋಳಿಯದರಂತಿತ್ತು. ಒಂದು ಕಾಲು ಮುಗಿಯುವಷ್ಟರಲ್ಲಿ ಕೆಂಪು ದಾರ ತೀರಿತು. ಇನ್ನೊಂದು ಕಾಲು ಎಲ್ಲಿ ಎಂದು ನಾನು ಕಾಡಿಸಿದೆ. "ಮಡಚಿಕೊಂಡು ಕುಂತೈತಿ, ನಿಮಗ ಕಾಣವಲ್ದು" ಅಂದಳು. ಅಮ್ಮಿ ಸೂಜಿ ಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. ಆವತ್ತು ನಕ್ಕಳು.

ಆ ಹುಡುಗಿ ದೊಡ್ಡವಳಾಗಿ, ಮದುವೆಯಾಗಿ, ಹೆರಿಗೆಯಲ್ಲಿ ತೀರಿಕೊಂಡಳು. ಹೆಣ್ಣು ಕೂಸು ಉಳಿಯಿತು. ಕೂಸು ಖಾಲಾ ಕೈಗೆ ಬಂತು.

ಎರಡು ತಿಂಗಳಾದ ಮೇಲೆ ಖಾಲಾ ಒಂದು ಗಂಟು ಹಿಡಿದುಕೊಂಡು ಬಂದಳು. ಒಳಗೆ ಮಗಳ ಕುಬುಸದ ಸೀರೆ ಇತ್ತು, ಬಸುರಿಗೆ ಏಳನೇ ತಿಂಗಳಲ್ಲಿ ಉಡಿಸಿದ ಹಸಿರು ಸೀರೆ. ಶಾಲೆಯ ನೀಲಿ ಲಂಗ, ಎರಡು ಕುಪ್ಪಸ, ಒಂದು ದಾವಣಿ. ಎಲ್ಲಕ್ಕಿಂತ ಕೆಳಗೆ ಆ ಬಿಳಿ ಬಟ್ಟೆ, ಒಂಟಿ ಕಾಲಿನ ಗಿಳಿ. ಅಮ್ಮಿ ಅದನ್ನು ನೋಡಿ ಮುಖ ಆ ಕಡೆ ತಿರುಗಿಸಿದಳು.

"ಅಕ್ಕಾರ, ಇವನ್ನ ತೊಳೀಬ್ಯಾಡ್ರಿ," ಅಂದಳು ಖಾಲಾ. "ಕೂಸಿಗೆ ಅವ್ವನ ಮಗ್ಗಲು ಗೊತ್ತಿಲ್ಲ. ಇದರಾಗ ಮಲಗಿದ್ರ ಅವ್ವನ ಮಗ್ಗಲಾಗ ಮಲಗಿದಂಗ ಆಗ್ಲಿ. ದೊಡ್ಡಾಕಿ ಆದ ಮ್ಯಾಲ ಕೇಳ್ತಾಳಲ್ರಿ, ನಮ್ಮವ್ವ ಎಲ್ಲಿ ಅಂತ. ಇಕಾ ನೋಡು ಇಲ್ಲೆ ಅದಾಳ ಅಂತ ಇದನ್ನ ತೋರಸ್ತೀನಿ."

ತೊಳೆಯದ ಬಟ್ಟೆಗೆ ಅಮ್ಮಿ ಸೂಜಿ ಹಾಕುವವಳಲ್ಲ. ಆ ಸಲ ಹಾಕಿದಳು. ಇಪ್ಪತ್ತು ದಿನ ಹೊಲಿದಳು. ಬೇರೆ ಯಾರಿಗೂ ಅದನ್ನು ಮುಟ್ಟಲು ಬಿಡಲಿಲ್ಲ. ಗಿಳಿಯನ್ನು ನಡುವೆ ಇಟ್ಟು, ಸುತ್ತ ಹಸಿರು, ಅದರ ಸುತ್ತ ನೀಲಿ. ನಮ್ಮ ಕೈಯಿಂದ ಹೊರಗೆ ಹೋದ ಕೌದಿಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದು ಇರಲಿಲ್ಲ, ಈಗಲೂ ಇಲ್ಲ.

ಖಾಲಾ ಬಂದು ಒಯ್ಯುವ ಮುಂಜಾನೆ ನಾನು ಅದನ್ನು ಮಾಳಿಗೆಯ ಮೇಲೆ ಎಳೆಬಿಸಿಲಿನಲ್ಲಿ ಹಾಸಿ ಫೋಟೋ ತೆಗೆದೆ. ಅಮ್ಮಿಯನ್ನು ಕೇಳಲಿಲ್ಲ. ಖಾಲಾಳನ್ನು ಕೇಳುವುದು ನನ್ನ ತಲೆಗೇ ಹೊಳೆಯಲಿಲ್ಲ. ಯಾರ ಹೆಸರನ್ನೂ ಬರೆಯಲಿಲ್ಲ, ಯಾರ ಮುಖವನ್ನೂ ತೋರಿಸಲಿಲ್ಲ, ಇನ್ನೇನು ತೊಂದರೆ ಅಂದುಕೊಂಡೆ. ತಾಯಿ ಇಲ್ಲದ ಕೂಸಿಗೆ ತಾಯಿಯ ಬಟ್ಟೆಯ ಕೌದಿ ಎಂದು ಬರೆದೆ. ಗಿಳಿಯ ಕಾಲಿನ ಕಥೆಯನ್ನೂ ಬರೆದೆ. ಬರೆಯುವಾಗ ನಿಜವಾಗಿ ಅತ್ತೆ. ಹಾಕಿದ ಮೇಲೆ ಎಷ್ಟು ಜನ ಅತ್ತಿದ್ದಾರೆ ಎಂದು ಎಣಿಸುತ್ತ ಕೂತೆ.

ಆ ಫೋಟೋ ಕಾಳ್ಗಿಚ್ಚಿನಂತೆ ಹಬ್ಬಿತು. ಹದಿನೈದು ದಿನಕ್ಕೆ ಒಂದು ಸಂದೇಶ ಬಂತು. ಹಾಸಿಗೆಯ ಚಾದರ, ದಿಂಬಿನ ಚೀಲ ಮಾಡುವ ಒಂದು ಕಂಪನಿಯವರು. ಇಂಗ್ಲಿಷಿನಲ್ಲಿ ಬರೆದಿದ್ದರು. ನಿಮ್ಮ ಕೌದಿಯ ಚಿತ್ರ ನೋಡಿ ಮಾತು ಹೊರಡಲಿಲ್ಲ, ಇದನ್ನು ನಮ್ಮ ಕೆಲಸದಲ್ಲಿ ಬಳಸಿಕೊಳ್ಳಬಹುದೇ ಎಂದು. ಅಷ್ಟು ದೊಡ್ಡವರು ನನ್ನನ್ನು ಕೇಳುತ್ತಿದ್ದಾರೆ ಎಂಬ ಖುಷಿಗೆ ನನ್ನ ಕೈ ತಾನಾಗಿ ಬರೆಯಿತು, "ಇದು ನಿಮ್ಮದೇ." ಇಂಗ್ಲಿಷಿನಲ್ಲೇ ಬರೆದೆ. ಅವರು "ನಿಮ್ಮ ಕಡೆನೇ ಇರಲಿ" ಅನ್ನಲಿಲ್ಲ. ಒಂದು ಫಾರಂ ಕಳಿಸಿದರು.

ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದು ಇಲ್ಲಿ ಬರೆದರೆ ನೀವು ನಂಬುತ್ತೀರಿ, ನನಗೂ ಹಗುರಾಗುತ್ತದೆ. ಆದರೆ ನನಗೆ ಬರುತ್ತದೆ. ಫಾರಂನಲ್ಲಿ ನಾಲ್ಕೇ ಸಾಲು ಇದ್ದವು. ಈ ಚಿತ್ರ ಮತ್ತು ಇದರೊಳಗಿನ ಎಲ್ಲದರ ಪೂರ್ತಿ ಹಕ್ಕು ನನ್ನೊಬ್ಬಳದೇ, ಯಾವ ರೂಪದಲ್ಲಾದರೂ ಬಳಸಲು ಒಪ್ಪಿಗೆ ಕೊಡುತ್ತೇನೆ, ಎಂದಿತ್ತು. ಪಕ್ಕದಲ್ಲಿ ಒಂದು ಖಾಲಿ ಚೌಕ. ಓದಿದೆ. ಒಂದು ಗಳಿಗೆ ಬೆರಳು ನಿಂತಿತು. ನನ್ನದಲ್ಲ ಅಂದರೆ ಈಕೆ ಯಾರದೋ ಫೋಟೋ ಕದ್ದು ಹಾಕಿದ್ದಾಳೆ ಅಂದುಕೊಂಡಾರು ಅನಿಸಿತು. ಮಾಳಿಗೆ ಹತ್ತಿದ್ದು ನಾನು, ಬಿಸಿಲಿಗೆ ಕಾದದ್ದು ನಾನು, ಬರೆದದ್ದು ನಾನು. ಚೌಕದ ಮೇಲೆ ಬೆರಳು ಒತ್ತಿದೆ.

ಅವರು ತಮ್ಮ ಪೇಜಿನಲ್ಲಿ ನಮ್ಮ ಪೇಜಿನ ಹೆಸರು ಒಂದು ಸಲ ಹಾಕಿದರು. ಅದನ್ನು ಅಮ್ಮಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಛಲೋ ಆತು" ಅಂದಳು. ಯಾವ ಫೋಟೋಗಾಗಿ ಎಂದು ಆಕೆ ಕೇಳಲಿಲ್ಲ. ಆಮೇಲೆ ನಾನದನ್ನು ಮರೆತೇಬಿಟ್ಟೆ.

ನಾಲ್ಕು ವರ್ಷ ಕಳೆದವು. ಕೂಸನ್ನು ನೋಡಿಕೊಳ್ಳಬೇಕು ಎಂದು ಖಾಲಾ ನಾಟಿಗೆ ಬರುವುದನ್ನು ಬಿಟ್ಟಿದ್ದಳು. ಕಳೆದ ವರ್ಷ ಒಂದು ದಿನ, ನಾಟಿಯೂ ಇಲ್ಲ ಕೊಯ್ಲೂ ಇಲ್ಲದ ಹೊತ್ತಿನಲ್ಲಿ, ಬಾಗಿಲಲ್ಲಿ ಬಂದು ನಿಂತಳು. ಕೂಸನ್ನು ಊರಲ್ಲಿ ಬಿಟ್ಟು ಬಂದಿದ್ದಳು. ನೀರು ಕೊಟ್ಟರೆ ಕುಡಿಯಲಿಲ್ಲ. ಚೀಲದಿಂದ ಒಂದು ದಿಂಬಿನ ಚೀಲ ತೆಗೆದು ಅಮ್ಮಿಯ ಮುಂದೆ ಹಾಸಿದಳು.

ಹಸಿರು, ನೀಲಿ, ನಡುವೆ ಬಿಳಿ, ಬಿಳಿಯೊಳಗೆ ಗಿಳಿ. ಹೊಟ್ಟೆ ಒಂದು ಕಡೆ ಉಬ್ಬಿದ, ಒಂದೇ ಕಾಲಿನ ಗಿಳಿ. ಒಂದಲ್ಲ, ಸಾಲಾಗಿ ಆರು.

ಅಮ್ಮಿ ಅದರ ಮೇಲೆ ಬೆರಳಾಡಿಸಿದಳು. ಆಕೆ ಹೊಲಿದ ಒಂದೊಂದು ಸಾಲೂ ಅಲ್ಲಿತ್ತು, ದಾರದ ನೆರಳು ಸಮೇತ. ಬೆರಳಿಗೆ ಮಾತ್ರ ಏನೂ ಸಿಗಲಿಲ್ಲ, ಬಟ್ಟೆ ನುಣ್ಣಗಿತ್ತು. ಅಮ್ಮಿ ಅದನ್ನು ತಿರುವಿ ಹಾಕಿ ಹಿಂಬದಿ ನೋಡಿದಳು. ಹಿಂದೆ ಬರೀ ಬಿಳುಪು.

"ಇದಕ್ಕ ಸೂಜಿನ ತಾಗಿಲ್ಲಲ್ಲವಾ," ಅಂದಳು. "ಆದ್ರ ಹೊಲಿಗಿ ನಂದ ಐತಿ."

"ಬಾಜೂ ಮನಿಯಾಕಿ ಕುಷ್ಟಗಿ ಪ್ಯಾಟ್ಯಾಗ ತಂದಾಳ್ರಿ," ಅಂದಳು ಖಾಲಾ. "ಜೋಡಿ ಚಾದರೂ ಐತಿ. ಆಕಿ ಕಡಿಂದ ಇಸಗೊಂಡು ಬಂದೀನಿ, ಸಂಜೀಕ ತಿರುಗಿ ಕೊಡಬೇಕು." ಆಮೇಲೆ ದಿಂಬಿನ ಚೀಲವನ್ನು ತನ್ನ ಕಡೆ ಎಳೆದುಕೊಂಡಳು. "ಅಕ್ಕಾರ, ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಮಗಳ ಅರಿವಿ ಏನರ ಉಳದಿತ್ತೇನ್ರಿ? ಯಾರಿಗರ ಕೊಟ್ರೇನು?"

ಬೆರಳಗಲದ ಚಿಂದಿಯನ್ನೂ ಗಂಟು ಕಟ್ಟಿ ಕೊಡುವ ನನ್ನ ಅಮ್ಮಿಗೆ ಈ ಪ್ರಶ್ನೆ. ನಲವತ್ತು ವರ್ಷದಲ್ಲಿ ಯಾರೂ ಕೇಳದಿದ್ದದ್ದು. ಅಮ್ಮಿ ಕನ್ನಡಕ ತೆಗೆದಿಟ್ಟಳು. "ಇಲ್ಲವಾ, ಎಲ್ಲಾ ಗಂಟು ಕಟ್ಟಿ ನಿನ್ನ ಕೈಯಾಗ ಕೊಟ್ಟೀನಿ" ಎಂದಳು. ಅಲ್ಲಾಹನ ಆಣೆ ಹಾಕಿದಳು. ಆಣೆ ಹಾಕುವವಳೇ ಅಲ್ಲ ಆಕೆ. ಖಾಲಾ ಹೂಂ ಅಂದಳು. ನಂಬಿದ ಹೂಂ ಅಲ್ಲ ಅದು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಗಿಳಿಯನ್ನು ನೋಡಿದ ಕ್ಷಣವೇ ಆ ಖಾಲಿ ಚೌಕ ನೆನಪಾಗಿತ್ತು. ಬಾಯಿ ತೆರೆದರೆ ಸಾಕಿತ್ತು, ತೆರೆಯಲಿಲ್ಲ. ಖಾಲಾ ಬಸ್ಸಿಗೆ ಹೊರಟಳು. ಅಮ್ಮಿ ಬಾಗಿಲ ತನಕ ಹೋದಳು, ಓಣಿಯ ತಿರುವಿನವರೆಗೂ ಹೋಗುವ ರೂಢಿ, ಆವತ್ತು ಹೋಗಲಿಲ್ಲ. ನಾನು ಈ ಬದುಕಿನಲ್ಲಿ ನಾಚಿಕೊಳ್ಳಬೇಕಾದ ಗಳಿಗೆಗಳು ಹಲವು ಇವೆ. ಚೌಕ ಒತ್ತಿದ್ದಕ್ಕಿಂತ ಆವತ್ತು ಸುಮ್ಮನಿದ್ದುದಕ್ಕೆ ನನಗೆ ಹೆಚ್ಚು ನಾಚಿಕೆಯಿದೆ.

ಕಂಪನಿಗೆ ಬರೆದೆ. ಇದು ಸತ್ತ ಹುಡುಗಿಯೊಬ್ಬಳ ಕೈಕೆಲಸ, ದಯವಿಟ್ಟು ನಿಲ್ಲಿಸಿ ಎಂದು. ಮೂರು ದಿನಕ್ಕೆ ಬಹಳ ನಯವಾದ ಉತ್ತರ ಬಂತು. ನಿಮ್ಮ ದುಃಖದಲ್ಲಿ ನಾವೂ ಪಾಲುದಾರರು ಎಂದಿತ್ತು. ಕೆಳಗೆ ನಾನೇ ಕಳಿಸಿದ "ಇದು ನಿಮ್ಮದೇ" ಎಂಬ ಮಾತು, ಅದರ ಕೆಳಗೆ ಗುರುತು ಬಿದ್ದ ಚೌಕ. ಇನ್ನು ಮುಂದೆ ಮುದ್ರಿಸುವುದಿಲ್ಲ, ಅಂಗಡಿಗಳಿಗೆ ಹೋದದ್ದನ್ನು ವಾಪಸು ತರಲಾಗುವುದಿಲ್ಲ ಎಂದು ಬರೆದಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಹುಡುಕಿದರೂ ಹಿಡಿ ಸಿಗಲಿಲ್ಲ. ಕೇಳಿದ್ದರು, ನಾನು ಹೇಳಿದ್ದೆ.

ನಮ್ಮ ಪೇಜಿನಿಂದ ಫೋಟೋ ಅಳಿಸಿದೆ. ಅಳಿಸಿದ ಮೇಲೆ ಹುಡುಕಿ ನೋಡಿದರೆ ಅದು ಊರ ತುಂಬ ಇತ್ತು. ಯಾವುದೋ ಅಡುಗೆ ಪೇಜಿನಲ್ಲಿ, ಯಾವುದೋ ಭಕ್ತಿಗೀತೆಯ ಹಿಂದೆ. ನಮ್ಮದೇ ಬಳಗದ ಗುಂಪಿನಲ್ಲಿ ಯಾರೋ ಗಿಳಿಯ ತಲೆಯ ಮೇಲೆ "ಶುಭ ರಾತ್ರಿ" ಎಂದು ಬರೆದದ್ದನ್ನು ಕಳಿಸಿದ್ದರು, ಹಿಂದೆ ನಾನೇ ಅದಕ್ಕೆ ಕೈಮುಗಿದ ಗುರುತು ಹಾಕಿದ್ದೆ.

ನನ್ನ ಜೊತೆ ಓದಿದವಳೊಬ್ಬಳು ಇಲ್ಲಿನ ಕೋರ್ಟಿನಲ್ಲಿ ವಕೀಲಳಾಗಿದ್ದಾಳೆ. ಆಕೆಯ ಹತ್ತಿರ ಹೋದೆ. ಎಲ್ಲ ಕೇಳಿ, ಚಹಾ ತರಿಸಿ, ಆಮೇಲೆ ಹೇಳಿದಳು. "ಫೋಟೋ ತಗದಾಕಿ ನೀನು, ಫೋಟೋ ನಿಂದು, ಒಪ್ಪಿದೆ. ಕೌದಿ ಜೋಡಿಸಿದಾಕಿ ನಿಮ್ಮಮ್ಮಿ. ಗಿಳಿ ಹೊಲಿದಾಕಿ ಆ ಹುಡುಗಿ. ಆಕಿ ಹೋದ ಮ್ಯಾಲ ಆಕೀದು ಏನೈತಿ, ಅದು ಆಕಿ ವಾರಸುದಾರರಿಗೆ. ಅಂದ್ರ ಆ ಕೂಸಿಗೂ ಪಾಲು ಐತಿ. ಇಷ್ಟೂ ಮಂದಿ ಪರವಾಗಿ ಹೂಂ ಅಂದಾಕಿ ನೀನೊಬ್ಬಾಕಿ. ಬಡದಾಡಬಹುದು ನೋಡು. ಆದ್ರ ಅವ್ರು ಮೊದಲ ಬಟ್ಟು ತೋರಸೂದು ನಿನ್ನ ಕಡೆ." ಪೇಜಿಗೆ ಏನಾದರೂ ಹಾಕಿದರೆ ಆ ಪೇಜು ನಡೆಸುವ ಕಂಪನಿಗೂ ಅದನ್ನು ಬಳಸಿಕೊಳ್ಳಲು ಒಪ್ಪಿಗೆ ಕೊಟ್ಟಂತೆ ಎಂದೂ ಹೇಳಿದಳು. ಖಾತೆ ತೆರೆಯುವಾಗ ನಾನು ಅದಕ್ಕೂ ಹೂಂ ಅಂದಿದ್ದೆನಂತೆ. ಎಷ್ಟು ಕಡೆ ಹೂಂ ಅಂದಿದ್ದೇನೋ ದೇವರೇ ಬಲ್ಲ.

ಈಗ ನಾನು ಬಟ್ಟೆ ಕೊಡುವವರನ್ನು ಕೇಳಿಯೇ ಫೋಟೋ ತೆಗೆಯುತ್ತೇನೆ. ಎಲ್ಲಿ ಹಾಕುತ್ತೇನೆ, ಹಾಕಿದ ಮೇಲೆ ಅದು ನನ್ನ ಕೈಯಲ್ಲಿ ಉಳಿಯುವುದಿಲ್ಲ ಎಂದೂ ಹೇಳುತ್ತೇನೆ. ಅರ್ಧಕ್ಕರ್ಧ ಜನ ಬೇಡ ಅನ್ನುತ್ತಾರೆ. ಪೇಜು ಸೊರಗಿದೆ, ಸೊರಗಲಿ.

ವಕೀಲಳ ಹತ್ತಿರದಿಂದ ಬಂದ ದಿನ ಅಮ್ಮಿಗೆ ಎಲ್ಲ ಹೇಳಿದೆ. ಅಷ್ಟರಲ್ಲಿ ಖಾಲಾ ಬಂದು ಹೋಗಿ ಎಂಟು ದಿನವಾಗಿತ್ತು. ಆ ಎಂಟು ದಿನ ಅಮ್ಮಿ ಹಳೆಯ ಟ್ರಂಕುಗಳನ್ನೆಲ್ಲ ತೆಗೆದು, ತನ್ನ ಕೈ ತಪ್ಪಿ ಎಲ್ಲಾದರೂ ಒಂದು ಹಸಿರು ಚೂರು ಉಳಿದಿದೆಯೇ ಎಂದು ಹುಡುಕುತ್ತಿದ್ದಳು. ನಾನು ಹೇಳುವಾಗಲೂ ಒಂದು ಟ್ರಂಕಿನ ಮುಂದೆಯೇ ಕೂತಿದ್ದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಈ ವಯಸ್ಸಿನಲ್ಲೂ ಕಪಾಳಕ್ಕೆ ಕೊಟ್ಟರೆ ಚೆನ್ನಾಗಿತ್ತು ಅನಿಸಿತ್ತು. ಟ್ರಂಕಿನ ಮುಚ್ಚಳ ಹಾಕಿ, "ಯಲಬುರ್ಗಾಕ್ಕ ಮುಂಜಾನಿ ಬಸ್ಸು ಎಷ್ಟಕ್ಕೈತಿ?" ಅಂದಳು.

ಕೊಪ್ಪಳದಲ್ಲಿ ಬಸ್ಸು ಬದಲಿಸಿ, ಕುಕನೂರು ದಾಟಿ ಹೋದೆವು. ಭತ್ತದ ಹಸಿರು ಹಿಂದೆ ಉಳಿದು ಕರಿಮಣ್ಣಿನ ಹೊಲಗಳು ಶುರುವಾದವು. ದಾರಿಯುದ್ದಕ್ಕೂ ಅಮ್ಮಿ ಒಂದೇ ಒಂದು ಮಾತಾಡಿದಳು. "ನಾ ಹೇಳೂದಿಲ್ಲ. ನೀನ ಹೇಳಬೇಕು."

ಖಾಲಾ ಮನೆಯಲ್ಲಿ ಅಮ್ಮಿ ಗೋಡೆಗೆ ಒರಗಿ ಕೂತಳು. ನಾನು ಖಾಲಾಳ ಎದುರು ಕೂತು ಮಾಳಿಗೆಯಿಂದ ಶುರುಮಾಡಿ ಚೌಕದ ತನಕ ಎಲ್ಲ ಹೇಳಿದೆ. ಆಕೆಗೆ ಫೋನಿನ ವಿಷಯ ಅಷ್ಟು ತಿಳಿಯದು. ಸುತ್ತಿ ಬಳಸಿ ಹೇಳಿದ್ದನ್ನೆಲ್ಲ ಬಿಟ್ಟು ಆಕೆ ನಡುವಿನ ಗಂಟನ್ನೇ ಹಿಡಿದಳು.

"ಅವ್ರು ಏನಂತ ಕೇಳಿದ್ರು?"

"ಇದರಾಗಿಂದು ಎಲ್ಲಾ ನಿಂದ ಏನು ಅಂತ ಕೇಳಿದ್ರು ಖಾಲಾ."

"ನೀ ಏನಂದಿ?"

"ಹೌದು, ನಂದ ಅಂದೆ."

ಖಾಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಮತ್ತೆ ಸುತ್ತಿದಳು. "ನನ್ನ ಕೇಳಿದ್ರ ಕೊಡತಿದ್ನೇನೋ ಯವ್ವಾ," ಅಂದಳು. "ನನ್ನ ಮಗಳ ಕೈಗೆಲಸ ನಾಕ್ ಮಂದಿ ನೋಡ್ಲಿ ಅಂತ ಖುಷಿಲೇನ ಕೊಡತಿದ್ನೇನೋ. ನೀ ಕೇಳಬೇಕಿತ್ತು." ಆಮೇಲೆ ಅಮ್ಮಿಯ ಕಡೆ ತಿರುಗಿದಳು. "ನಿಮ್ಮ ಮ್ಯಾಲ ಸಂಶೇ ಮಾಡಿದ್ನಿರಿ ಅಕ್ಕಾರ. ನನ್ನ ನಾಲಿಗಿಗೆ ಬೆಂಕಿ ಹಾಕ."

"ಸಂಶೇ ಖರೇನ ಐತಿ," ಅಂದಳು ಅಮ್ಮಿ. "ನನ್ನ ಮನಿಯಾಗಿಂದನ ಹೋಗೈತಿ." ಇಬ್ಬರೂ ಅತ್ತರು. ನನಗೆ ಅವರ ಜೊತೆ ಅಳುವ ಧೈರ್ಯ ಆಗಲಿಲ್ಲ.

ಹೊರಗಿನಿಂದ ಜಗಳದ ಸದ್ದು ಬಂತು. ಎದ್ದು ಹೋದೆವು. ಪಕ್ಕದ ಮನೆಯ ಅಂಗಳದಲ್ಲಿ ಹಗ್ಗಕ್ಕೆ ಚಾದರ ಒಣಹಾಕಿದ್ದರು, ತುಂಬ ಗಿಳಿಗಳ ಚಾದರ. ಖಾಲಾಳ ಮೊಮ್ಮಗಳು ಅದರ ತುದಿಯನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು ನಿಂತಿತ್ತು. ನಾಲ್ಕು ವರ್ಷದ ಕೂಸು, ಕೆದರಿದ ತಲೆ, ಮುಖದ ಮೇಲೆ ಒಣಗಿದ ಕಣ್ಣೀರು.

"ಇದು ನಮ್ಮವ್ವಂದು," ಅನ್ನುತ್ತಿತ್ತು.

ಪಕ್ಕದ ಮನೆಯ ಹೆಂಗಸು ಒಳ್ಳೆಯವಳೇ. ಬೈಯುತ್ತಿರಲಿಲ್ಲ, ರಮಿಸುತ್ತಿದ್ದಳು. "ಅಲ್ಲ ನಮ್ಮವ್ವಾ, ಇದು ನಾವು ಪ್ಯಾಟ್ಯಾಗ ರೊಕ್ಕ ಕೊಟ್ಟು ತಂದೀವಿ. ನಿಮ್ಮವ್ವಂದು ನಿಮ್ಮನ್ಯಾಗ ಐತಿ ನೋಡು." ನಮ್ಮನ್ನು ಕಂಡು ಸೋತವಳಂತೆ ಕೈ ಚೆಲ್ಲಿದಳು. "ದಿನಾ ಇದ ಗದ್ದಲ ನೋಡ್ರಿ. ಒಣಾಕಿದಾಗೊಮ್ಮೆ ಬಂದು ಹಿಡಕೋತೈತಿ. ನಮ್ಮವ್ವ ನಿಮ್ಮನ್ಯಾಗ ಯಾಕ ಅದಾಳ, ನಮ್ಮನಿಗೆ ಕಳಸ್ರಿ ಅಂತೈತಿ. ನೀವರ ಹೇಳ್ರಿ."

ಖಾಲಾ, ಅಮ್ಮಿ ಇಬ್ಬರೂ ನನ್ನನ್ನು ನೋಡಿದರು.

ನಾನು ಹೋಗಿ ಕೂಸಿನ ಮುಂದೆ ಮೊಣಕಾಲೂರಿ ಕೂತೆ. ಇನ್ನೊಂದು ಸುಳ್ಳು ಹೇಳಲು ನನ್ನಲ್ಲಿ ತ್ರಾಣ ಇರಲಿಲ್ಲ. "ಹೌದವಾ, ನಿಮ್ಮವ್ವನ ಗಿಳಿನ ಇದು," ಅಂದೆ. "ನಾ ಕೇಳಲಾರ್ದ ಮಂದಿಗೆ ಕೊಟ್ಟುಬಿಟ್ಟೆ."

ಕೂಸು ಚಾದರದಿಂದ ಒಂದು ಕೈ ಬಿಡಿಸಿಕೊಂಡು ಮೂಗು ಒರೆಸಿಕೊಂಡಿತು. ಇದರಲ್ಲಿ ಇಷ್ಟು ಹೊತ್ತು ಮಾತಾಡುವುದೇನಿದೆ ಎಂಬಂತೆ ನನ್ನ ಮುಖ ನೋಡಿತು.

"ಹಂಗಾರ ಹೋಗಿ ಇಸಗೊಂಡು ಬಾ," ಅಂದಿತು.